ಲಕ್ವ ಹೊಡೆದು ವರ್ಷ ಕಳೆದವರ ಮನೆಯವರಿಗೆ



ಅಪ್ಪನ ಬಲಗೈ ಬಿದ್ದುಹೋಗಿ ಮೂರು ವರ್ಷವಾದ ಮಗ, ಗಂಡನ ಮಾತು ನಿಂತ ಮೇಲೆ ಅಂಗಡಿಯನ್ನೂ ಅವರನ್ನೂ ಒಟ್ಟಿಗೆ ನೋಡಿಕೊಳ್ಳುತ್ತಿರುವ ಹೆಂಡತಿ, ಅತ್ತೆಯನ್ನು ಎಬ್ಬಿಸಿ, ಕೂರಿಸಿ, ಊಟ ಮಾಡಿಸಿ ಆಮೇಲೆ ಗದ್ದೆಗೆ ಹೋಗುವ ಸೊಸೆ, ನಿಮ್ಮೆಲ್ಲರಿಗೂ ಸೇರಿ ಬರೆಯುತ್ತಿದ್ದೇನೆ. ನಾನು ತಾಲ್ಲೂಕು ಊರೊಂದರಲ್ಲಿ ವೈದ್ಯೆ. ನೀವು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನ್ ಫಿಲ್ಮು, ಮಾತ್ರೆಯ ಖಾಲಿ ಹಾಳೆ, ಹಳೆಯ ಚೀಟಿ ಎಲ್ಲ ತಂದು ಮೇಜಿನ ಮೇಲೆ ಹರಡುತ್ತೀರಿ. ಆಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೇಡಂ, ರಕ್ತ ತೆಳು ಮಾಡೋ ಮಾತ್ರೆ ಇಷ್ಟು ವರ್ಷದಿಂದ ನುಂಗ್ತಾ ಇದಾರೆ. ತಲೆಗೆ ರಕ್ತ ಇನ್ನೂ ಸರಿಯಾಗಿ ಹೋಗ್ತಿಲ್ವಾ? ಕೈ ಯಾಕೆ ಬರ್ಲಿಲ್ಲ?"

ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಇದಕ್ಕೆ ನೆಟ್ಟಗೆ ಉತ್ತರ ಕೊಡಲು ಆಗುವುದಿಲ್ಲ. "ಮಾತ್ರೆ ನಿಲ್ಲಿಸಬೇಡಿ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆಯುತ್ತೇವೆ. ಅರ್ಧ ಉತ್ತರ ಹಿಡಿದು ಹೋದವರು ಉಳಿದರ್ಧವನ್ನು ಬೇರೆಲ್ಲೋ ಹುಡುಕುತ್ತೀರಿ, ಅಲ್ಲಿ ದುಡ್ಡು ಕಳೆದುಕೊಳ್ಳುತ್ತೀರಿ. ಇಲ್ಲವೇ ಬೇಸರಪಟ್ಟು ಮಾತ್ರೆಯನ್ನೇ ಬಿಡುತ್ತೀರಿ. ಎರಡೂ ಆಗಬಾರದು ಎಂದೇ ಈ ಪತ್ರ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ಕೈಯನ್ನು ತಂದುಕೊಡುವ ಶಕ್ತಿ ಆ ಮಾತ್ರೆಗೆ ಇಲ್ಲ, ಯಾವತ್ತೂ ಇರಲಿಲ್ಲ. ಉಳಿದಿರುವ ಮಿದುಳನ್ನು ಇನ್ನೊಂದು ಹೊಡೆತದಿಂದ ಕಾಯುವುದು ಅದರ ಕೆಲಸ. ಆ ಕೆಲಸವನ್ನು ಅದು ದಿನವೂ ಮಾಡುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಹಾಗಾದರೆ ಬ್ಲಾಕ್ ಕರಗಿಸುವ ಔಷಧಿ ಇಲ್ಲವೇ ಎಂದರೆ, ಇದೆ. ಅದಕ್ಕೆ ಗಂಟೆಗಳ ಲೆಕ್ಕ. ಆರೋಗ್ಯವಂತ ಮಿದುಳಿನ ಪ್ರತಿ ನೂರು ಗ್ರಾಂಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಇದು 20ಕ್ಕಿಂತ ಕೆಳಗಿಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ, ಜೀವ ಮಾತ್ರ ಹಿಡಿದುಕೊಂಡಿರುತ್ತವೆ. 10ರ ಆಸುಪಾಸಿಗೆ ಬಂದರೆ ಸಾಯತೊಡಗುತ್ತವೆ. ಹೆಪ್ಪು ಬಂದು ಕೂತ ನಾಳ ರಕ್ತ ಒದಗಿಸುವ ಪ್ರದೇಶದ ನಡುಭಾಗ ಬೇಗನೆ ಸತ್ತುಹೋಗುತ್ತದೆ. ಅದರ ಸುತ್ತಲಿನ ಪ್ರದೇಶ ಪಕ್ಕದ ನಾಳಗಳಿಂದ ಬರುವ ಅಷ್ಟಿಷ್ಟು ರಕ್ತ ನೆಚ್ಚಿಕೊಂಡು ಕೆಲವು ಗಂಟೆ ಕಾಯುತ್ತದೆ. ದೊಡ್ಡ ನಾಳ ಕಟ್ಟಿದಾಗ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಲೆಕ್ಕ ಹಾಕಿದರು. ಕಾಯುತ್ತಿರುವ ಆ ಪ್ರದೇಶವನ್ನು ಉಳಿಸಿಕೊಳ್ಳಲೆಂದೇ ವೈದ್ಯರು ಗಡಿಯಾರ ನೋಡುತ್ತಾ ಓಡುವುದು.

ಹೆಪ್ಪು ಕರಗಿಸುವ ಇಂಜೆಕ್ಷನ್ ಮೂರು ಗಂಟೆಯೊಳಗೆ ಕೊಟ್ಟರೆ ಗುಣವಾಗುವವರ ಸಂಖ್ಯೆ ಹೆಚ್ಚುತ್ತದೆ ಎಂದು 1995ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ತಂದಿತು. ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ ಮಿದುಳಿನ ದೊಡ್ಡ ನಾಳದಿಂದ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ 2015ರ ಹೊತ್ತಿಗೆ ಗಟ್ಟಿಯಾಗಿ ನೆಲೆಯೂರಿತು. ಸ್ಕ್ಯಾನಿನಲ್ಲಿ ಇನ್ನೂ ಉಳಿಸಬಹುದಾದ ಭಾಗ ಕಂಡರೆ 24 ಗಂಟೆಯವರೆಗೂ ಇದನ್ನು ಮಾಡಬಹುದೆಂದು 2018ರಲ್ಲಿ ಗೊತ್ತಾಯಿತು. ಒಂದು ದಿನ, ಅದೂ ಆಯ್ದ ಕೆಲವರಿಗೆ. ಇಲ್ಲಿ ತಿಂಗಳ ಮಾತಿಲ್ಲ, ವರ್ಷದ ಮಾತಂತೂ ಇಲ್ಲವೇ ಇಲ್ಲ.

ಆ ಗಂಟೆಗಳು ಕಳೆದ ಮೇಲೆ ರಕ್ತ ಹರಿಸಿದರೆ ಏನಾಗುತ್ತದೆ? ಕಾಲುವೆಯ ಕೊನೆಯ ಭಾಗದ ರೈತರಿಗೆ ಇದು ಚೆನ್ನಾಗಿ ಗೊತ್ತು. ಪೈರು ಬಾಡಿದಾಗ ನೀರು ಬಿಟ್ಟರೆ ತಲೆ ಎತ್ತುತ್ತದೆ. ಒಣಗಿ ಸುಟ್ಟುಹೋದ ಮೇಲೆ ತೂಬು ಪೂರ್ತಿ ತೆಗೆದರೂ ಅದೇ ಪೈರು ಮತ್ತೆ ಹಸಿರಾಗುವುದಿಲ್ಲ.

ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. ಎಷ್ಟೋ ರೋಗಿಗಳಲ್ಲಿ ಅಂದಿನ ಹೆಪ್ಪು ಈಗ ಅಲ್ಲಿ ಇರುವುದೇ ಇಲ್ಲ. ಹೆಪ್ಪು ಕರಗಿಸುವ ವ್ಯವಸ್ಥೆ ನಮ್ಮ ರಕ್ತದಲ್ಲೇ ಇದೆ. ಹಲವರಲ್ಲಿ ಕೆಲವು ದಿನ, ವಾರಗಳಲ್ಲಿ ನಾಳ ತಾನಾಗಿಯೇ ತೆರೆದುಕೊಳ್ಳುತ್ತದೆ. ತೆರೆದುಕೊಳ್ಳುವಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿರುತ್ತದೆ. ಹೀಗಾಗಿ "ಬ್ಲಾಕ್ ಇನ್ನೂ ಹಾಗೇ ಇದೆ, ಅದನ್ನು ತೆಗೆದರೆ ಕೈ ಬರುತ್ತದೆ" ಎನ್ನುವ ನಂಬಿಕೆಗೆ ಬಹಳ ಸಲ ಬುಡವೇ ಇರುವುದಿಲ್ಲ.

"ಆದರೆ ಸ್ಕ್ಯಾನಿನಲ್ಲಿ ಆ ಜಾಗಕ್ಕೆ ರಕ್ತ ಕಮ್ಮಿ ಅಂತ ಬರೆದಿದಾರಲ್ಲ ಮೇಡಂ" ಎಂದು ಶಿವಮೊಗ್ಗದ ಕಡೆಯಿಂದ ಬಂದಿದ್ದ ಒಬ್ಬ ಹುಡುಗ ನನ್ನನ್ನು ತಡೆದು ಕೇಳಿದ್ದ. ಓದಿಕೊಂಡು ಬಂದಿದ್ದ, ಒಳ್ಳೆಯ ಪ್ರಶ್ನೆ. ಹೌದು, ಹಳೆಯ ಗಾಯದ ಜಾಗದಲ್ಲಿ ರಕ್ತ ಕಡಿಮೆಯೇ ಹರಿಯುತ್ತದೆ. ಮಿದುಳು ತನ್ನ ಯಾವ ಭಾಗ ಎಷ್ಟು ಕೆಲಸ ಮಾಡುತ್ತದೋ ಅಲ್ಲಿಗೆ ಅಷ್ಟು ರಕ್ತ ಕಳಿಸುತ್ತದೆ. ಸತ್ತ ಜಾಗದಲ್ಲಿ ಕೇಳುವವರಿಲ್ಲ, ಆದ್ದರಿಂದ ಕಳಿಸುವುದೂ ಇಲ್ಲ. ಅದಕ್ಕೆ ನಂಟಿರುವ, ಗಾಯವೇ ಆಗದ ದೂರದ ಭಾಗಗಳು ಕೂಡ ಮಂಕಾಗಬಹುದು ಎಂದು ಕಾನ್‌ಸ್ಟಂಟಿನ್ ಫಾನ್ ಮೊನಕೋವ್ ಎಂಬ ನರತಜ್ಞ 1914ರಲ್ಲೇ ಬರೆದಿದ್ದರು. ಅಂದರೆ ಆ ಚಿತ್ರದಲ್ಲಿ ಕಾಣುವ ಕಡಿಮೆ ಹರಿವು ಹೆಚ್ಚಿನವರಲ್ಲಿ ಹಾನಿಯ ಫಲ. ಅದನ್ನೇ ಹಾನಿಯ ಕಾರಣ ಎಂದುಕೊಂಡು ಚಿಕಿತ್ಸೆ ಹುಡುಕಿದರೆ ದಾರಿ ತಪ್ಪುತ್ತದೆ.

ನಿಜವಾಗಿಯೂ ನಾಳ ಕಟ್ಟಿಕೊಂಡೇ ಇದ್ದು, ಜೀವಂತ ಮಿದುಳಿಗೆ ರಕ್ತ ಸಾಲದೆ ಇರುವವರೂ ಇದ್ದಾರೆ. ಕತ್ತಿನ ಕೆರೋಟಿಡ್ ನಾಳ ಪೂರ್ತಿ ಮುಚ್ಚಿದವರಲ್ಲಿ ಕೆಲವರು ಈ ಗುಂಪಿನವರು. ಅವರಿಗೆ ರಕ್ತ ತಲುಪಿಸಿದರೆ ಒಳ್ಳೆಯದಾಗಲೇಬೇಕಲ್ಲ? ವೈದ್ಯಲೋಕವೂ ಹಾಗೇ ಅಂದುಕೊಂಡಿತ್ತು. ತಲೆಬುರುಡೆಯ ಹೊರಗಿನ ನಾಳವನ್ನು ಒಳಗಿನದಕ್ಕೆ ಹೊಲಿದು ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು 1967ರಲ್ಲಿ ಯಾಶರ್ಗಿಲ್ ಎಂಬ ಶಸ್ತ್ರವೈದ್ಯರು ಮಾಡಿದರು. ಸೂಕ್ಷ್ಮದರ್ಶಕದಡಿ ಕೂದಲೆಳೆಯಂಥ ದಾರದಲ್ಲಿ ಮಾಡುವ, ಬೆರಗು ಹುಟ್ಟಿಸುವ ಕೆಲಸ. ಆಮೇಲೆ 1,377 ರೋಗಿಗಳನ್ನು ಸೇರಿಸಿಕೊಂಡು ನಡೆದ ಅಂತರರಾಷ್ಟ್ರೀಯ ಅಧ್ಯಯನದ ಫಲ 1985ರಲ್ಲಿ ಬಂತು. ಬೈಪಾಸ್ ಮಾಡಿಸಿಕೊಂಡವರಿಗೆ ಮುಂದಿನ ಲಕ್ವದಿಂದ ರಕ್ಷಣೆ ಸಿಕ್ಕಿರಲಿಲ್ಲ. ಬಹುಶಃ ರೋಗಿಗಳನ್ನು ಸರಿಯಾಗಿ ಆರಿಸಿಲ್ಲ ಎಂದುಕೊಂಡು, ಮಿದುಳು ರಕ್ತದಿಂದ ಎಷ್ಟು ಆಮ್ಲಜನಕ ಹೀರುತ್ತಿದೆ ಎಂದು ಪೆಟ್ ಸ್ಕ್ಯಾನಿನಲ್ಲಿ ಅಳೆದು, ನಿಜಕ್ಕೂ ಕೊರತೆ ಇದ್ದವರನ್ನೇ ಆಯ್ದು ಮತ್ತೊಂದು ಅಧ್ಯಯನ ಮಾಡಿದರು. ಅದರ ಫಲ 2011ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ನಂತರ ರಕ್ತ ಪೂರೈಕೆ ಸುಧಾರಿಸಿತ್ತು. ಆದರೂ ಎರಡು ವರ್ಷದಲ್ಲಿ ನಾಳ ಮುಚ್ಚಿದ್ದ ಬದಿಯ ಮಿದುಳಿಗೇ ಲಕ್ವವಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 21, ಬರೀ ಔಷಧಿಯ ಗುಂಪಿನಲ್ಲಿ ಶೇ. 22.7. ಮೊದಲ ತಿಂಗಳಲ್ಲೇ ಲಕ್ವವಾದವರು ಶಸ್ತ್ರಚಿಕಿತ್ಸೆಯ ಕಡೆ ಶೇ. 14.4, ಔಷಧಿಯ ಕಡೆ ಶೇ. 2. ಇದೇ ರೋಗಿಗಳಲ್ಲಿ ಕೆಲವರ ನೆನಪು, ಗಮನ, ಯೋಚನೆಯ ಶಕ್ತಿಯನ್ನೂ ಅಳೆದು ನೋಡಿದರು. ರಕ್ತ ಹೆಚ್ಚು ಸಿಕ್ಕವರದು ಔಷಧಿಯ ಗುಂಪಿನವರದಕ್ಕಿಂತ ಮೇಲಾಗಿರಲಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನುರಿತ ಕೈಗಳು ನೇರವಾಗಿ ನಾಳ ಜೋಡಿಸಿ ರಕ್ತ ತಲುಪಿಸಿದರೂ ಸಿಗದ ಫಲ ಒಂದು ಡ್ರಿಪ್ಪಿನಿಂದ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನೀವು ನಂಬಬಾರದು.

ಹೇಳುವವರು ಇದ್ದಾರೆ. "ಆರು ತಿಂಗಳಿಗೊಮ್ಮೆ ಬಂದು ಐದು ದಿನ ಡ್ರಿಪ್ ಹಾಕಿಸಿಕೊಳ್ಳಿ, ರಕ್ತ ತೆಳುವಾಗುತ್ತೆ, ನರ ಬಿಟ್ಟುಕೊಳ್ಳುತ್ತೆ" ಎನ್ನುವ ಕಡೆಗೆ ಹಸು ಮಾರಿ ಹೋಗಿಬಂದವರನ್ನು ನೋಡಿದ್ದೇನೆ. ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಹೆಪಾರಿನ್ ಜಾತಿಯ ಇಂಜೆಕ್ಷನ್ನೂ, ಮಿದುಳಿಗೆ ಟಾನಿಕ್ ಎಂದು ಹೇಳುವ ಸಿಟಿಕೋಲಿನ್ನೂ ಆ ಬಿಲ್ಲಿನಲ್ಲಿ ಇರುತ್ತವೆ. ಹೆಪಾರಿನ್ನಿನ ಕಥೆ 1997ರಲ್ಲೇ ಬಯಲಾಗಿದೆ. ಲಕ್ವವಾದ ಹೊಸದರಲ್ಲೇ ಕೊಟ್ಟು ನೋಡಿದ ಸಾವಿರಾರು ಜನರ ಅಧ್ಯಯನದಲ್ಲಿ, ಹೊಸ ಹೆಪ್ಪು ತಡೆದ ಲಾಭವನ್ನೆಲ್ಲ ಮಿದುಳಿನ ರಕ್ತಸ್ರಾವ ತಿಂದುಹಾಕಿತ್ತು. ಸಿಟಿಕೋಲಿನ್ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸವಿಲ್ಲ ಎಂದು 2012ರ ದೊಡ್ಡ ಅಧ್ಯಯನ ಹೇಳಿತು. ವರ್ಷ ಕಳೆದ ರೋಗಿಗೆ ಇವುಗಳಿಂದ ಕೈ ಬರುತ್ತದೆ ಎನ್ನಲು ಆಧಾರವಿಲ್ಲ. ಲಕ್ವಕ್ಕೆ ಪಾರಿವಾಳದ ರಕ್ತ ತಿಕ್ಕುವವರನ್ನು ನಾವು ಮೂಢರೆನ್ನುತ್ತೇವೆ. ಬಿಳಿ ಕೋಟು ಹಾಕಿಕೊಂಡು ಆಧಾರವಿಲ್ಲದ ಡ್ರಿಪ್ ಏರಿಸುವವರನ್ನು ಏನೂ ಅನ್ನುವುದಿಲ್ಲ. ನನ್ನ ವೃತ್ತಿಯವರ ಈ ಮೌನ ತಪ್ಪು, ಅದನ್ನು ಇಲ್ಲಿ ಬರೆದೇ ಹೇಳುತ್ತಿದ್ದೇನೆ.

ಅಪವಾದಗಳನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಾಣಂತಿಯರಲ್ಲಿ ಬರುವ ಒಂದು ಲಕ್ವ ಬೇರೆ ಜಾತಿಯದು. ಅದರಲ್ಲಿ ಹೆಪ್ಪುಗಟ್ಟುವುದು ಮಿದುಳಿನಿಂದ ರಕ್ತ ಹೊರಹೋಗುವ ಅಭಿಧಮನಿಗಳಲ್ಲಿ. ವಿಪರೀತ ತಲೆನೋವು, ಫಿಟ್ಸ್, ಆಮೇಲೆ ಕೈಕಾಲು ಬೀಳುವುದು. ಬಾಣಂತಿಗೆ ನೀರು ಕುಡಿಸಬಾರದು ಎನ್ನುವ ನಮ್ಮ ಹಳೆಯ ಪದ್ಧತಿಯಿಂದ ದೇಹದ ನೀರು ಬತ್ತಿ ರಕ್ತ ಹೆಪ್ಪುಗಟ್ಟುವುದು ಸುಲಭವಾಗುತ್ತದೆ. ಇಂಥ ತಾಯಂದಿರನ್ನು ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ನೋಡುತ್ತ ಬಂದಿದೆ. ಇಲ್ಲಿ ಹೆಪ್ಪು ತಡೆಯುವ ಔಷಧಿಯೇ ಮುಖ್ಯ ಚಿಕಿತ್ಸೆ; ತಿಂಗಳುಗಟ್ಟಲೆ ಕೊಟ್ಟಾಗ ನಾಳ ನಿಧಾನಕ್ಕೆ ತೆರೆದುಕೊಳ್ಳುತ್ತದೆ, ಬಹುಪಾಲು ಜನ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಮೋಯಾಮೋಯಾ ಎಂಬ ಅಪರೂಪದ ಕಾಯಿಲೆಯಲ್ಲಿ ಬೈಪಾಸ್ ಉಪಯೋಗಕ್ಕೆ ಬರುತ್ತದೆ. ಕೆರೋಟಿಡ್ ನಾಳ ಪೂರ್ತಿ ಮುಚ್ಚದೆ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಅದನ್ನು ಬಿಡಿಸಿ ಶುಚಿ ಮಾಡುವ ಶಸ್ತ್ರಚಿಕಿತ್ಸೆಯಿಂದ ಮುಂದಿನ ಲಕ್ವ ಬಹಳಷ್ಟು ತಪ್ಪುತ್ತದೆ, ಅದನ್ನೂ ಮೊದಲ ಎರಡು ವಾರದೊಳಗೆ ಮಾಡಿಸಿದರೆ ಲಾಭ ಹೆಚ್ಚು. ಉಳಿದವರಿಗೆ ಮೇಲೆ ಹೇಳಿದ್ದೇ ಸತ್ಯ.

ಈಗ ಆ ಮಾತ್ರೆಗೆ ಬರೋಣ. ನಿಮ್ಮ ಕವರಿನಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ಇರುತ್ತದೆ. ಹೆಚ್ಚಿನವರಿಗೆ ಇಕೋಸ್ಪ್ರಿನ್ ಅಥವಾ ಕ್ಲೋಪಿಡೋಗ್ರೆಲ್. ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್ನೇ, ಸಣ್ಣ ಪ್ರಮಾಣದಲ್ಲಿ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಇದು ತಡೆಯುತ್ತದೆ. ಒಂದು ಪ್ಲೇಟ್‌ಲೆಟ್ಟಿನ ಆಯುಸ್ಸು ಏಳರಿಂದ ಹತ್ತು ದಿನ, ದಿನವೂ ಹೊಸವು ಹುಟ್ಟುತ್ತಲೇ ಇರುತ್ತವೆ. ಆದ್ದರಿಂದ ವಾರ ಹತ್ತು ದಿನ ಮಾತ್ರೆ ಬಿಟ್ಟರೆ ಹಿಂದೆ ನುಂಗಿದ್ದರ ಕಾವಲು ಮುಗಿದ ಹಾಗೆಯೇ. ಒಮ್ಮೆ ಹೃದಯಾಘಾತವೋ ಲಕ್ವವೋ ಆದವರಲ್ಲಿ ಆಸ್ಪಿರಿನ್ ನುಂಗದಿದ್ದರೆ ನೂರರಲ್ಲಿ ವರ್ಷಕ್ಕೆ 8.2 ಜನರಿಗೆ ಮತ್ತೆ ಇಂಥದ್ದೇ ಗಂಭೀರ ಆಘಾತ, ನುಂಗಿದರೆ 6.7 ಜನರಿಗೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ಲೆಕ್ಕ ಹೇಳುತ್ತದೆ. ಪವಾಡವಲ್ಲ. ಆದರೆ ಕೆಲವೇ ರೂಪಾಯಿಯ ಮಾತ್ರೆಯ ಹಾಳೆಗೆ ಇದು ದೊಡ್ಡ ಪ್ರತಿಫಲ. ಲಕ್ವವಾದ ಮೊದಮೊದಲು ಎರಡೂ ಮಾತ್ರೆ ಒಟ್ಟಿಗೆ ಕೊಟ್ಟಿರಬಹುದು, ಸಣ್ಣ ಲಕ್ವಕ್ಕೆ ಅದು ಸರಿಯೇ, ಮೂರು ವಾರಗಳ ಮಟ್ಟಿಗೆ. ವರ್ಷಗಟ್ಟಲೆ ಎರಡನ್ನೂ ನುಂಗಿದರೆ ರಕ್ತಸ್ರಾವ ಹೆಚ್ಚುತ್ತದೆಯೇ ಹೊರತು ಲಾಭ ಹೆಚ್ಚುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿರುವಂಥ ಕಾರಣ ಇಲ್ಲದೆ ಎರಡೂ ಮುಂದುವರಿದಿದ್ದರೆ ನಿಮ್ಮ ವೈದ್ಯರನ್ನು ಕೇಳಿ: "ಇನ್ನೂ ಎರಡೂ ಬೇಕಾ?"

ಹೃದಯದ ಬಡಿತ ಅಡ್ಡಾದಿಡ್ಡಿಯಾದವರಿಗೆ, ಕವಾಟದ ಕಾಯಿಲೆ ಇರುವವರಿಗೆ ಕೊಡುವುದು ಬೇರೆ ಮಾತ್ರೆ. ವಾರ್ಫರಿನ್ ಅಥವಾ ಅಸಿಟ್ರಾಂ, ಈಚೆಗೆ ಡಾಬಿಗಾಟ್ರಾನ್, ಅಪಿಕ್ಸಬಾನ್ ಮುಂತಾದವು. ಬಡಿತ ತಾಳ ತಪ್ಪಿದಾಗ ಹೃದಯದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪಾಗಿ, ಅಲ್ಲಿಂದ ಹೊರಟು ಮಿದುಳಿಗೆ ಹೋಗಿ ಕೂರುತ್ತದೆ. ಇಂಥವರಲ್ಲಿ ವಾರ್ಫರಿನ್ ಮೂರರಲ್ಲಿ ಎರಡು ಲಕ್ವಗಳನ್ನು ತಪ್ಪಿಸುತ್ತದೆ. ನನ್ನ ಕೈಯಲ್ಲಿರುವ ಔಷಧಿಗಳಲ್ಲಿ ಇಷ್ಟು ಕೆಲಸ ಮಾಡುವವು ಬಹಳ ಇಲ್ಲ.

ವಾರ್ಫರಿನ್ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಮಳೆಗೆ ನೆಂದು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ಕಾರಣವೆಂದು ಪಶುವೈದ್ಯರು ಕಂಡುಹಿಡಿದರು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಸತ್ತ ಕಡಸು, ಆ ಹುಲ್ಲು, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ ಹೇರಿಕೊಂಡು ಹಿಮಪಾತದಲ್ಲೇ ಮ್ಯಾಡಿಸನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರ ತಂಡ ವರ್ಷಗಟ್ಟಲೆ ದುಡಿದು ಹುಲ್ಲಿನೊಳಗಿನ ವಸ್ತುವನ್ನು ಬೇರ್ಪಡಿಸಿತು. ಅದರದೇ ಇನ್ನೊಂದು ರೂಪ ವಾರ್ಫರಿನ್, 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೂ ಅದನ್ನೇ ಕೊಟ್ಟರು.

ಹುಲ್ಲಿನಿಂದ ಬಂದ ಈ ಔಷಧಿಗೂ ನಮ್ಮ ಸೊಪ್ಪಿಗೂ ನಂಟಿದೆ. ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಪದಾರ್ಥಗಳನ್ನು ತಯಾರಿಸಲು ವಿಟಮಿನ್ ಕೆ ಬೇಕು, ವಾರ್ಫರಿನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಸೊಪ್ಪಿನಲ್ಲಿ ಆ ವಿಟಮಿನ್ ತುಂಬಿದೆ. "ಸೊಪ್ಪು ಮುಟ್ಟಲೇಬಾರದಂತೆ" ಎಂದು ಉಪ್ಸಾರು, ಮಸ್ಸೊಪ್ಪು ಎಲ್ಲ ಬಿಟ್ಟು ಬರೀ ಬೇಳೆಕಟ್ಟಿನಲ್ಲಿ ಊಟ ಮಾಡುವ ಅಜ್ಜಂದಿರು ನನ್ನ ಬಳಿ ಬರುತ್ತಾರೆ. ಬಿಡಬೇಕಿಲ್ಲ. ವಾರಕ್ಕೆ ಎಷ್ಟು ಸಲ ತಿನ್ನುವ ರೂಢಿಯೋ ಅಷ್ಟನ್ನೇ ತಿಂಗಳೆಲ್ಲ ಉಳಿಸಿಕೊಳ್ಳಿ. ಒಂದು ತಿಂಗಳು ದಿನವೂ ನುಗ್ಗೆಸೊಪ್ಪು, ಮುಂದಿನ ತಿಂಗಳು ಏನೂ ಇಲ್ಲ ಎಂದಾದರೆ ಐಎನ್‌ಆರ್ ಮೇಲೆ ಕೆಳಗೆ ಜಿಗಿಯುತ್ತದೆ. ಐಎನ್‌ಆರ್ ಎನ್ನುವುದು ರಕ್ತ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಸಮಯದ ಅಳತೆ. ಹೆಚ್ಚಿನವರಿಗೆ ಅದು 2ರಿಂದ 3ರ ನಡುವೆ ಇರಬೇಕು. ಕೆಳಗಿದ್ದರೆ ಮಾತ್ರೆ ನುಂಗಿಯೂ ಕಾವಲಿಲ್ಲ, ಮೇಲಿದ್ದರೆ ರಕ್ತಸ್ರಾವದ ಭಯ. ಹೊಸ ಮಾತ್ರೆಗಳಿಗೆ ಈ ಪರೀಕ್ಷೆ ಬೇಡ, ಸೊಪ್ಪಿನ ಚಿಂತೆಯೂ ಇಲ್ಲ. ಆದರೆ ಸಂಧಿವಾತ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾದವರಿಗೆ, ಲೋಹದ ಕವಾಟ ಹಾಕಿಸಿಕೊಂಡವರಿಗೆ ಹಳೆಯದೇ ಸರಿ. ಸಂಧಿವಾತ ಜ್ವರದ ಹೃದ್ರೋಗಿಗಳಲ್ಲೇ ಎರಡನ್ನೂ ಹೋಲಿಸಿ ನೋಡಿದ 2022ರ ಅಧ್ಯಯನದಲ್ಲಿ ಹಳೆಯ ಮಾತ್ರೆಯೇ ಗೆದ್ದಿತು. ನಮ್ಮ ಹಳ್ಳಿಗಳಲ್ಲಿ ಈ ಕಾಯಿಲೆ ಇನ್ನೂ ಹೋಗಿಲ್ಲ. ಆದ್ದರಿಂದ "ಹೊಸದು ಬಂದಿದೆಯಂತೆ, ಬದಲಿಸಿಕೊಡಿ" ಎಂದು ಔಷಧಿ ಅಂಗಡಿಯಲ್ಲಿ ಕೇಳಬೇಡಿ.

ಮನೆಯಲ್ಲಿ ನಿಜವಾಗಿ ಎಡವಟ್ಟಾಗುವ ಜಾಗಗಳನ್ನು ಹೇಳುತ್ತೇನೆ. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಈ ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸುರಿಯಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ (ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದರೂ ಕಪ್ಪಾಗುತ್ತದೆ, ಅದನ್ನೂ ಹೇಳಿ). ಜ್ವರ ಬಂದಾಗ "ಒಂದು ಸೂಜಿ ಹಾಕಿ" ಎಂದು ಕೇಳುವ ಅಭ್ಯಾಸ ನಮ್ಮವರಿಗೆ ಬಹಳ. ವಾರ್ಫರಿನ್ ಅಥವಾ ಅಸಿಟ್ರಾಂ ನುಂಗುವವರಿಗೆ ಸೊಂಟಕ್ಕೆ ಸೂಜಿ ಚುಚ್ಚಿದರೆ ಸ್ನಾಯುವಿನೊಳಗೆ ರಕ್ತ ಮಡುಗಟ್ಟಿ ತೊಡೆಯೇ ಊದಿಕೊಳ್ಳಬಹುದು. ಹಾಕಿಸುವ ಮೊದಲೇ ಬಾಯಿಬಿಟ್ಟು ಹೇಳಿ. ಕೆಲವು ಆಂಟಿಬಯೋಟಿಕ್‌ಗಳು ಐಎನ್‌ಆರ್ ಏರಿಸುತ್ತವೆ, ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಯಾವುದೇ ಹೊಸ ಮಾತ್ರೆ ಶುರುವಾದರೆ ವಾರದೊಳಗೆ ಪರೀಕ್ಷೆ ಮಾಡಿಸಿ.

ಹಲ್ಲಿನ ವಿಷಯ ಬೇರೆಯಾಗಿಯೇ ಹೇಳಬೇಕು. ಹಲ್ಲು ಕೀಳಿಸಲೆಂದು ತಾವೇ ಮಾತ್ರೆ ನಿಲ್ಲಿಸಿ, ಹಲ್ಲು ಕಿತ್ತ ಮೇಲೆ ಮತ್ತೆ ಶುರು ಮಾಡುವುದನ್ನು ಮರೆತ ಒಬ್ಬರು ಅದೇ ತಿಂಗಳಲ್ಲಿ ಎರಡನೆಯ ಲಕ್ವವಾಗಿ ನನ್ನ ಮುಂದೆ ಸ್ಟ್ರೆಚರಿನಲ್ಲಿ ಬಂದರು. ಮೊದಲನೆಯದರಲ್ಲಿ ಎಡಗೈ ಹೋಗಿತ್ತು, ಈ ಸಲ ಮಾತು ಹೋಯಿತು. ಒಂದೆರಡು ಹಲ್ಲು ಕೀಳಲು ಆಸ್ಪಿರಿನ್ ನಿಲ್ಲಿಸಬೇಕಿಲ್ಲ, ಐಎನ್‌ಆರ್ ಹದದಲ್ಲಿದ್ದರೆ ಸಾಮಾನ್ಯವಾಗಿ ವಾರ್ಫರಿನ್ ಕೂಡ ನಿಲ್ಲಿಸಬೇಕಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಯಾವಾಗ ನಿಲ್ಲಿಸಬೇಕು, ಯಾವ ದಿನ ಮತ್ತೆ ಶುರು ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ.

ಇನ್ನೊಂದು ಎಚ್ಚರ. ಎಲ್ಲ ಲಕ್ವವೂ ಹೆಪ್ಪಿನಿಂದ ಆಗುವುದಿಲ್ಲ. ಕೆಲವರಿಗೆ ಬಿ.ಪಿ. ಏರಿ ಮಿದುಳಿನ ನಾಳ ಒಡೆದು ರಕ್ತ ಸುರಿದಿರುತ್ತದೆ. ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆಯನ್ನು "ನಮ್ಮವರಿಗೂ ಲಕ್ವವೇ ಅಲ್ವಾ" ಎಂದು ಇವರಿಗೆ ಕೊಟ್ಟರೆ ಪ್ರಾಣಕ್ಕೇ ಬರುತ್ತದೆ. ನಿಮ್ಮ ಫೈಲಿನಲ್ಲಿ ಮೊದಲ ದಿನದ ಸಿ.ಟಿ. ವರದಿ ಹುಡುಕಿ, ಯಾವ ಬಗೆ ಎಂದು ತಿಳಿದುಕೊಳ್ಳಿ. ಎರಡೂ ಬಗೆಗೆ ಸಮಾನವಾಗಿ ಬೇಕಾದದ್ದು ಬಿ.ಪಿ. ಹತೋಟಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಪಾಲ್ಗೊಂಡಿದ್ದ 22 ದೇಶಗಳ ಅಧ್ಯಯನ 2010ರಲ್ಲಿ ಪ್ರಕಟವಾದಾಗ, ಲಕ್ವದ ಕಾರಣಗಳಲ್ಲಿ ಮೊದಲ ಸ್ಥಾನ ಬಿ.ಪಿ.ಗೇ ಸಿಕ್ಕಿತು. ಒಮ್ಮೆ ಲಕ್ವವಾದವರಲ್ಲಿ ಬಿ.ಪಿ. ಇಳಿಸಿದರೆ ಮತ್ತೆ ಆಗುವುದು ಶೇ. 28ರಷ್ಟು ಕಡಿಮೆಯಾಯಿತೆಂದು 2001ರ ಅಧ್ಯಯನ ತೋರಿಸಿದೆ. ತಲೆಗೆ ರಕ್ತ ಸರಿಯಾಗಿ ಹೋಗುವಂತೆ ನಾಳಗಳನ್ನು ಉಳಿಸಿಕೊಳ್ಳುವ ಆಸೆ ನಿಮಗಿದ್ದರೆ ಆ ಆಸೆ ನೆರವೇರುವುದು ಬಿ.ಪಿ. ಮಾತ್ರೆಯಿಂದ, ಕೊಬ್ಬಿನ ಮಾತ್ರೆಯಿಂದ, ಸಕ್ಕರೆಯ ಹತೋಟಿಯಿಂದ, ಬೀಡಿ ಬಿಡುವುದರಿಂದ.

ಹಾಗಾದರೆ ಕೈಗೆ ಏನು ದಾರಿ ಎಂದು ಕೇಳುತ್ತೀರಿ. ಸತ್ತ ಕೋಶ ಬರುವುದಿಲ್ಲ, ಆದರೆ ಬದುಕಿರುವ ಭಾಗಗಳು ಹೊಸ ಕೆಲಸ ಕಲಿಯುತ್ತವೆ. ಅದಕ್ಕೆ ಅವಕಾಶ ಆರು ತಿಂಗಳಿಗೆ ಮುಗಿಯಿತು ಎನ್ನುವ ಮಾತು ಸುಳ್ಳು. ಲಕ್ವವಾಗಿ ಮೂರರಿಂದ ಒಂಬತ್ತು ತಿಂಗಳಾದ 222 ಜನರಲ್ಲಿ, ಚೆನ್ನಾಗಿರುವ ಕೈಗೆ ದಿನದ ಬಹುಪಾಲು ಗವಸು ತೊಡಿಸಿ, ಬಲಹೀನ ಕೈಯಿಂದಲೇ ಎರಡು ವಾರ ತೀವ್ರ ಅಭ್ಯಾಸ ಮಾಡಿಸಿದ 2006ರ ಅಮೆರಿಕದ ಅಧ್ಯಯನದಲ್ಲಿ ಸಿಕ್ಕ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಲಕ್ವವಾಗಿ ವರ್ಷ ದಾಟಿದವರಿಗೂ ಮೂರು ವಾರದಲ್ಲಿ 90 ಗಂಟೆಗಳ ಕೈ ಚಿಕಿತ್ಸೆ ಕೊಟ್ಟು ಒಳ್ಳೆಯ ಫಲ ಕಂಡರು. ಬೆರಳು ಸ್ವಲ್ಪವಾದರೂ ಆಡುತ್ತಿರುವವರಿಗೆ ಇದರ ಲಾಭ ಹೆಚ್ಚು, ಒಂದಿಷ್ಟೂ ಆಡದ ಕೈಗೆ ಕಡಿಮೆ, ಇದನ್ನೂ ಮುಚ್ಚಿಡುವುದಿಲ್ಲ.

ಇಷ್ಟು ಗಂಟೆಗಳ ಚಿಕಿತ್ಸೆ ನಮ್ಮ ತಾಲ್ಲೂಕುಗಳಲ್ಲಿ ಎಲ್ಲಿದೆ? ಮನೆಯವರಿಗೇ ಕಲಿಸಿಬಿಟ್ಟರೆ ಸಾಕೇ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಪರೀಕ್ಷಿಸಿದರು. ಮಾಮೂಲಿ ಆರೈಕೆಗಿಂತ ಅದು ಹೆಚ್ಚೇನೂ ಫಲ ಕೊಡಲಿಲ್ಲ ಎಂದು 2017ರಲ್ಲಿ ಪ್ರಕಟವಾಯಿತು. ನಾನು ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. "ನಾನೇ ಸರಿಯಾಗಿ ಮಾಡಿಸಲಿಲ್ಲ, ಅದಕ್ಕೇ ಅಮ್ಮ ಹೀಗೇ ಉಳಿದಳು" ಎಂದು ಅಳುವ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದೇನೆ. ಆ ಹೊರೆ ನಿಮ್ಮದಲ್ಲ. ಬೇಕಾಗಿರುವುದು ತರಬೇತಾದ ಫಿಸಿಯೋಥೆರಪಿಸ್ಟ್, ಮಾತು ಕಲಿಸುವ ಚಿಕಿತ್ಸಕರು, ವಾರಕ್ಕೆ ಹಲವು ಗಂಟೆಗಳ ಅಭ್ಯಾಸ. ಅವರನ್ನು ತಾಲ್ಲೂಕು ಆಸ್ಪತ್ರೆಗೆ ನೇಮಿಸಿ ಎಂದು ಗ್ರಾಮ ಪಂಚಾಯ್ತಿಯಿಂದ ಶಾಸಕರವರೆಗೆ ಕೇಳುವ ಹಕ್ಕು ನಿಮಗಿದೆ. ಡ್ರಿಪ್ಪಿಗೆ ಸುರಿಯುವ ಹಣದಲ್ಲಿ ಎಷ್ಟೋ ತಿಂಗಳ ಫಿಸಿಯೋಥೆರಪಿ ಆಗುತ್ತದೆ. ಲೋಟ ಎತ್ತುವುದು, ಗುಂಡಿ ಹಾಕಿಕೊಳ್ಳುವುದು, ಅವರೆಕಾಯಿ ಸುಲಿಯುವುದು ಇಂಥ ನಿತ್ಯದ ಕೆಲಸಗಳನ್ನೇ ಅವರ ಕೈಗೆ ಕೊಡಿ, ತಡವಾದರೂ ನೀವು ಕಿತ್ತುಕೊಂಡು ಮಾಡಬೇಡಿ.

ಕೊನೆಯದಾಗಿ, ಒಮ್ಮೆ ಆದವರಿಗೆ ಮತ್ತೆ ಆಗುವ ಸಾಧ್ಯತೆ ಹೆಚ್ಚು. ಬಾಯಿ ಸೊಟ್ಟಗಾದರೆ, ಕೈ ಎತ್ತಿ ಹಿಡಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಆಸ್ಪತ್ರೆ ನಿಮ್ಮೂರಿಗೆ ಹತ್ತಿರ ಯಾವುದು ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಹೃದಯಾಘಾತಕ್ಕೆ ಕೊಡುವಂತೆ ಮನೆಯಲ್ಲೇ ಇಕೋಸ್ಪ್ರಿನ್ ನುಂಗಿಸಬೇಡಿ, ಒಳಗೆ ರಕ್ತ ಸುರಿಯುತ್ತಿದ್ದರೆ ಅದು ಇನ್ನೂ ಕೆಡುತ್ತದೆ. ನೀರು, ಕಾಫಿ ಯಾವುದನ್ನೂ ಬಾಯಿಗೆ ಹಾಕಬೇಡಿ. ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಂಡು, ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೇ ತನ್ನಿ. ಹೆಪ್ಪು ತಡೆಯುವ ಮಾತ್ರೆ ಯಾವುದು, ಕೊನೆಯ ಸಲ ನುಂಗಿದ್ದು ಯಾವಾಗ ಎನ್ನುವುದರ ಮೇಲೆ ಆ ಇಂಜೆಕ್ಷನ್ ಕೊಡಬೇಕೋ ಬೇಡವೋ ಎಂಬ ತೀರ್ಮಾನ ನಿಂತಿರುತ್ತದೆ.

ಈ ಪತ್ರ ಓದಿದ ಮೇಲೆ ಎದ್ದು ಹೋಗಿ ಆ ಕವರ್ ಒಮ್ಮೆ ಬಿಚ್ಚಿ ನೋಡಿ. ಮಾತ್ರೆ ಇನ್ನೆಷ್ಟು ದಿನಕ್ಕಿದೆ ಎಣಿಸಿ. ವಾರಕ್ಕಿಂತ ಕಡಿಮೆಯಿದ್ದರೆ ನಾಳೆಯೇ ತನ್ನಿ. ಐಎನ್‌ಆರ್ ಪರೀಕ್ಷೆಯ ದಿನ ದಾಟಿದ್ದರೆ ಅದನ್ನೂ ನಾಳೆಯೇ ಮಾಡಿಸಿ.

ಇಂತಿ,
ನಿಮ್ಮಂಥವರ ಊರಿನ ಒಬ್ಬ ವೈದ್ಯೆ